ಹೊಲಿದ ಪುಸ್ತಕಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಹಳೆ ಮನೆಯೊಂದರ ಪಡಸಾಲೆಯಲ್ಲಿ ನನ್ನ ಕೆಲಸ. ಒಂದು ಗೋಡೆಗೆ ಹಳೆ ಸೀರೆಗಳ ಗಂಟು, ಎದುರು ಗೋಡೆಗೆ ಕಾಗದದ ಕಟ್ಟು, ನಡುವೆ ಬೈಂಡಿಂಗ್ ಪ್ರೆಸ್ಸು. ಫೋನಿನಲ್ಲಿ, ಸಂತೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನ. ಒಂದೇ ಕಡೆ ಉತ್ತರ ಬರೆದಿಟ್ಟರೆ ಪಂಕ್ತಿಯಲ್ಲಾದರೂ ನೆಮ್ಮದಿಯಾಗಿ ಹೋಳಿಗೆ ತಿನ್ನಬಹುದು ಎಂಬ ಆಸೆ.

ನೀವು ಮಾಡುವುದು ಬಟ್ಟೆ ಕೆಲಸವೋ, ಪುಸ್ತಕದ ಕೆಲಸವೋ?

ಎರಡೂ. ನನಗೆ ಇವೆರಡರ ನಡುವೆ ಗೆರೆ ಎಳೆಯಲು ಬರುವುದಿಲ್ಲ. ಎರಡರಲ್ಲೂ ಮಡಚಬೇಕು, ತೂತು ಹಾಕಬೇಕು, ದಾರ ಎಳೆಯಬೇಕು, ಕೊನೆಗೆ ಭಾರ ಹೇರಿ ಒಂದು ರಾತ್ರಿ ಬಿಡಬೇಕು.

ನನ್ನ ಸೋದರಮಾವನದು ಬೈಂಡಿಂಗ್ ಅಂಗಡಿ. ಜೂನ್ ತಿಂಗಳು ಬಂತೆಂದರೆ ಶಾಲೆಯ ಪುಸ್ತಕಗಳ ರಾಶಿ ಬೀದಿಗೇ ಬರುತ್ತಿತ್ತು. ಅಜ್ಜಿ ಮನೆಯಲ್ಲಿ ಕೌದಿ ಹೊಲಿಯುತ್ತಿದ್ದಳು. ಅಂಗಡಿಯಲ್ಲಿ ಉಳಿದ ಕ್ಯಾಲಿಕೊ ಬಟ್ಟೆಯ ತುಂಡುಗಳು ಅಜ್ಜಿಯ ಕೌದಿ ಸೇರುತ್ತಿದ್ದವು. ಅಜ್ಜಿಯ ದಬ್ಬಣ ಅಂಗಡಿಗೆ ಹೋದರೆ ಮರಳಿ ಬರುತ್ತಿರಲಿಲ್ಲ. ಆ ದಬ್ಬಣದ ಜಗಳ ಕೇಳುತ್ತ ಬೆಳೆದವಳಿಗೆ ಎರಡು ಕಸುಬು ಬೇರೆ ಬೇರೆ ಅಂತ ಅನಿಸಲೇ ಇಲ್ಲ.

ಪುಸ್ತಕ ಕಲೆ ಎಂದರೆ ಮುಖಪುಟಕ್ಕೆ ಚಿತ್ರ ಬರೆಯುವುದಾ?

ಅಲ್ಲ. ಮುಖಪುಟ ಬರೆಯುವವರು ಬೇರೆ ಇದ್ದಾರೆ, ನನ್ನ ಚಿತ್ರ ಅಷ್ಟಕ್ಕಷ್ಟೆ. ನಾನು ಪುಸ್ತಕವನ್ನೇ ಒಂದು ವಸ್ತುವಾಗಿ ಕಟ್ಟುತ್ತೇನೆ. ಅದರ ಹಾಳೆ ಯಾವುದು, ಅದು ಹೇಗೆ ಬಿಚ್ಚಿಕೊಳ್ಳುತ್ತದೆ, ಬೆನ್ನಿನ ಮೇಲೆ ದಾರ ಕಾಣಬೇಕೋ ಬೇಡವೋ, ಕೈಗೆ ಎಷ್ಟು ಭಾರ, ಇವೆಲ್ಲ ಸೇರಿ ಕಥೆ ಹೇಳಬೇಕು. ಕೆಲವದರಲ್ಲಿ ಅಕ್ಷರ ಇರುತ್ತದೆ, ಕೆಲವದರಲ್ಲಿ ಬರೀ ಬಟ್ಟೆ. ಮುಟ್ಟಬಾರದು ಎಂದು ಗಾಜಿನೊಳಗೆ ಇಡುವ ಪುಸ್ತಕ ನಾನು ಮಾಡುವುದಿಲ್ಲ.

ಬಟ್ಟೆಯ ಪುಸ್ತಕ ವಿದೇಶದಿಂದ ಬಂದ ಫ್ಯಾಷನ್ ಅಲ್ಲವೇ?

ಈ ಪ್ರಶ್ನೆ ಕೇಳಿದವರಿಗೆ ನಾನು ಮೊದಲು ಕೇಳುವುದು: ನಿಮ್ಮ ಆಫೀಸಿನಲ್ಲಿ ಫೈಲಿಗೆ ಕನ್ನಡದಲ್ಲಿ ಏನನ್ನುತ್ತೀರಿ? ಕಡತ. ‘ಕಡತ ವಿಲೇವಾರಿ’ ಎಂದು ದಿನಾ ಬರೆಯುವ ಗುಮಾಸ್ತರಿಗೂ ಆ ಪದ ಒಂದು ಬಟ್ಟೆಯ ಹೆಸರು ಎಂಬುದು ಗೊತ್ತಿರುವುದಿಲ್ಲ.

ಹತ್ತಿ ಬಟ್ಟೆಗೆ ಹುಣಸೆಬೀಜದ ಗಂಜಿ ಬಳಿದು, ಇದ್ದಿಲಿನ ಪುಡಿಯಿಂದ ಕಪ್ಪು ಮಾಡಿ, ಒಣಗಿಸಿ, ಬೀಸಣಿಗೆಯ ಹಾಗೆ ಹಿಂದೆ ಮುಂದೆ ಮಡಚಿದರೆ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕಪ್ಪಿನ ಮೇಲೆ ಬಿಳಿ ಅಕ್ಷರ. ನಮ್ಮ ವ್ಯಾಪಾರಿಗಳ ಲೆಕ್ಕ, ಮಠಗಳ ದಾಖಲೆ, ಪತ್ರಗಳ ನಕಲು ಎಲ್ಲ ಇದರಲ್ಲೇ. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಓದಿ ಪ್ರಕಟಿಸಿದ್ದಾರೆ. ತಾಳೆಗರಿಗೆ ಕಂಠ ಎಂಬ ಚೂಪು ಲೇಖನಿಯಿಂದ ಕೊರೆಯಬೇಕು, ಕೊರೆದದ್ದನ್ನು ಅಳಿಸಲಾಗದು. ಕಡತ ಹಾಗಲ್ಲ, ಸ್ಲೇಟಿನ ಜಾತಿ. ಲೆಕ್ಕ ತಪ್ಪಿದರೆ ಒರೆಸಬಹುದು.

ಬಳಪದ ಕಲ್ಲೆಂದರೆ ಬೇಲೂರು ಹಳೇಬೀಡಿನ ಶಿಲ್ಪಗಳ ಕಲ್ಲೂ ಅದೇ ಬಳಗದ್ದು. ಒಂದೇ ಮೆತ್ತನೆ ಕಲ್ಲು ಒಂದು ಕಡೆ ಮದನಿಕೆಯಾಯಿತು, ಇನ್ನೊಂದು ಕಡೆ ಕಿರಾಣಿ ಅಂಗಡಿಯ ಬಾಕಿ ಲೆಕ್ಕ ಬರೆಯಿತು. ನನಗೆ ಎರಡನೆಯದರ ಮೇಲೂ ಅಷ್ಟೇ ಪ್ರೀತಿ.

ಕಡತ ಈಗಲೂ ಮಾಡಬಹುದೇ? ವಿಧಾನ ಹೇಳಿ.

ಮಾಡಬಹುದು. ನನ್ನ ತರಗತಿಗಳಲ್ಲಿ ಎಲ್ಲರಿಗೂ ಇಷ್ಟವಾಗುವುದೂ ಇದೇ, ಯಾಕೆಂದರೆ ಮೈಕೈಯೆಲ್ಲ ಮಸಿಯಾಗುತ್ತದೆ.

ಹುಣಸೆಬೀಜವನ್ನು ಬಾಣಲೆಯಲ್ಲಿ ಹುರಿಯಿರಿ. ಸಿಪ್ಪೆ ಬಿರಿದು ಚಟಪಟ ಅನ್ನುವ ತನಕ ಸಾಕು, ಕರಕಾಗಬಾರದು. ಕುಟ್ಟಿ ಸಿಪ್ಪೆ ತೆಗೆದು, ಒಳಗಿನ ಬಿಳಿ ಬೇಳೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನುಣ್ಣಗೆ ರುಬ್ಬಿ, ನೀರು ಸೇರಿಸಿ ಸಣ್ಣ ಉರಿಯಲ್ಲಿ ಕೈಬಿಡದೆ ಕಲಕುತ್ತ ಕುದಿಸಿ. ರಾಗಿ ಅಂಬಲಿಯ ಹದಕ್ಕೆ ಬಂದಾಗ ಇಳಿಸಿ ಬಟ್ಟೆಯಲ್ಲಿ ಸೋಸಿ. ಕಂಬಳಿ ನೇಯುವ ಕುರುಬರು ಹಾಸಿನ ಎಳೆಗೆ, ಅಂದರೆ ಮಗ್ಗದ ಉದ್ದದ ಎಳೆಗೆ, ಬಳಿಯುವುದೂ ಹುಣಸೆಬೀಜದ ಗಂಜಿಯನ್ನೇ. ಹಾವೇರಿ ಕಡೆಯ ಕಂಬಳಿ ನೇಕಾರರೊಬ್ಬರು ನನ್ನ ಮೊದಲ ಗಂಜಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿ, “ಇದು ಪಾಯಸ ಆಗೇತ್ರಿ, ಗಂಜಿ ಅಲ್ಲ” ಅಂದಿದ್ದರು. ಬೆರಳ ನಡುವೆ ಎಳೆ ಬರಬೇಕು, ಹನಿ ಬೀಳಬಾರದು. ಅವರು ಹೇಳಿದ ಆ ಅಳತೆ ಇವತ್ತಿಗೂ ನನಗೆ ತಪ್ಪಿಲ್ಲ.

ಬಟ್ಟೆ ಹೊಸದಾದರೆ ಮೊದಲು ಕುದಿಸಿ ಅದರ ಮಿಲ್ಲಿನ ಗಂಜಿ ತೆಗೆಯಿರಿ. ಹಳೆಯ ಹತ್ತಿ ಧೋತ್ರವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಮೊದಲ ಸಲ ಬರಿಯ ಗಂಜಿ, ಒಣಗಿದ ಮೇಲೆ ಇದ್ದಿಲು ಸೇರಿಸಿದ ಗಂಜಿ, ಹೀಗೆ ಎರಡೂ ಮಗ್ಗುಲಿಗೆ ಮೂರು ನಾಲ್ಕು ಕೈ. ಇದ್ದಿಲನ್ನು ಮೂರು ಸಲವಾದರೂ ಜರಡಿ ಹಿಡಿಯಿರಿ. ಪೂರ್ತಿ ಒಣಗುವ ಮುಂಚೆ, ಬಟ್ಟೆ ಇನ್ನೂ ಚರ್ಮದ ಹಾಗೆ ಬಾಗುವಾಗಲೇ ಮಡಿಕೆ ಹಾಕಿ. ಗರಿಗರಿ ಒಣಗಿದ ಮೇಲೆ ಮಡಚಿದರೆ ಹಪ್ಪಳ ಮುರಿದಂತೆ ಗೆರೆಗೆ ಸರಿಯಾಗಿ ಬಣ್ಣ ಉದುರುತ್ತದೆ.

ಮಳೆಗಾಲದಲ್ಲಿ ಮಾತ್ರ ಈ ಸಾಹಸ ಬೇಡ. ಧಾರವಾಡದ ಜಿಟಿಜಿಟಿಯಲ್ಲಿ ಒಂದು ಸಲ ಹನ್ನೆರಡು ಕಡತ ಒಣಹಾಕಿ ಹನ್ನೆರಡಕ್ಕೂ ಬೂಸ್ಟು ಬಂದು, ಮನೆಯೆಲ್ಲ ಹುಳಿ ವಾಸನೆ.

ಕೌದಿ, ಕವಂದಿ ಎರಡೂ ಒಂದೇನಾ? ನೀವು ಯಾವುದನ್ನು ಕಲಿಸುತ್ತೀರಿ?

ಬಳಗ ಒಂದೇ, ಮನೆ ಬೇರೆ. ಉತ್ತರ ಕರ್ನಾಟಕದಲ್ಲಿ ಹಳೆ ಸೀರೆ, ಧೋತ್ರ, ಅಂಗಿಗಳನ್ನು ಪದರ ಪದರವಾಗಿ ಹಾಸಿ ಸಾಲು ಹೊಲಿಗೆ ಹಾಕಿದರೆ ಕೌದಿ. ಊರೂರು ತಿರುಗಿ ಮನೆಮುಂದೆ ಕೂತು ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳು ನನ್ನ ಬಾಲ್ಯದಲ್ಲಿ ಬೇಸಿಗೆಗೊಮ್ಮೆ ಬರುತ್ತಿದ್ದರು.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವುದು ಕವಂದಿ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶ ಅವರದು. ಅವರ ಹೊಲಿಗೆ ಒಂದು ಮೂಲೆಯಿಂದ ಶುರುವಾಗಿ, ಅಂಚಿನಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ತುಂಡುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ, ಹೊಲಿಗೆ ಮುಂದೆ ಹೋದಂತೆ ಮುಂದಿನ ಬಣ್ಣ ಆರಿಸುತ್ತಾರೆ. ನಾಲ್ಕು ಮೂಲೆಗೆ ತ್ರಿಕೋನವಾಗಿ ಮಡಚಿದ ಬಟ್ಟೆಯ ‘ಫೂಲ’ ಕೂರದೆ ಕವಂದಿ ಮುಗಿಯಿತು ಎನ್ನುವಂತಿಲ್ಲ. ಕ್ರೈಸ್ತ ಮನೆಗಳದರಲ್ಲಿ ಶಿಲುಬೆ, ಮುಸ್ಲಿಂ ಮನೆಗಳದರಲ್ಲಿ ಅರ್ಧಚಂದ್ರ ಕಾಣುವುದೂ ಉಂಟು.

ನಾನು ಕಲಿಸುವುದು ಕೌದಿ, ಅದೂ ನನ್ನ ಅಜ್ಜಿಯ ಕೈಯದು. ಕವಂದಿಯನ್ನು ಕಲಿಸುವುದಿಲ್ಲ. ಅದು ಬೇಕೆಂದರೆ ಸಿದ್ದಿ ಹೆಂಗಸರನ್ನೇ ಕರೆಸಿ, ಅವರ ಬಸ್ ಚಾರ್ಜು, ಊಟ, ಸಂಭಾವನೆ ಕೊಟ್ಟು ಕಲಿಯಿರಿ. ಅವರ ಕೈ ನೋಡಿ ಬಂದು ನಾನು ಶುಲ್ಕ ತೆಗೆದುಕೊಂಡರೆ ಅದಕ್ಕೆ ಕಲೆ ಅನ್ನುವುದಿಲ್ಲ.

ಕಸೂತಿಗೂ ಪುಸ್ತಕಕ್ಕೂ ಏನು ಸಂಬಂಧ?

ಕಸೂತಿಯ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ ಎಳೆ ಎಣಿಸಿ ಹಾಕುವ ಕೆಲಸ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುವುದು. ಆದ್ದರಿಂದಲೇ ಹಿಂದೆ ಮುಂದೆ ಒಂದೇ ಥರ ಕಾಣುತ್ತದೆ, ಎಲ್ಲಿಯೂ ಗಂಟಿಲ್ಲ. ಮುರಗಿಯದೂ ಹಾಗೆಯೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ನೇಗಿ ಎಂದರೆ ನೇಯ್ದಂತೆ ಕಾಣುವ ಉದ್ದ ಹೊಲಿಗೆ. ಮೆಂತಿ ಅಡ್ಡಡ್ಡ ದಾಟುವುದು, ಮೆಂತ್ಯದ ಕಾಳು ಚೆಲ್ಲಿದ ಹಾಗೆ.

ಪುಸ್ತಕದ ಒಂದು ಫಾರಂ, ಅಂದರೆ ಒಟ್ಟಿಗೆ ಮಡಚಿದ ಹಾಳೆಗಳ ಒಂದು ಕಟ್ಟು, ಹೊಲಿಯುವುದೂ ಗವಂತಿಯ ತಮ್ಮನೇ. ಮಡಚಿದ ಹಾಳೆಗಳ ಬೆನ್ನಿಗೆ ಮೂರು ತೂತು. ಹೊರಗಿನಿಂದ ನಡುವಿನ ತೂತಿಗೆ ಸೂಜಿ ಇಳಿಸಿ, ಮೇಲಿನ ತೂತಿನಲ್ಲಿ ಹೊರಗೆ ಬಂದು, ನಡುವನ್ನು ದಾಟಿ ಕೆಳಗಿನ ತೂತಿಗೆ ಹೋಗಿ, ಒಳಗಿನಿಂದ ಮತ್ತೆ ನಡುವಿಗೆ ಬಂದು ಹೊರಗೆ. ಎರಡು ತುದಿಗಳು ಉದ್ದ ಹೊಲಿಗೆಯ ಅತ್ತ ಒಂದು ಇತ್ತ ಒಂದು ಇರುವಂತೆ ನೋಡಿ ಗಂಟು ಹಾಕಿದರೆ ಪುಸ್ತಕವಾಯಿತು. ಕಸೂತಿ ಬಲ್ಲವರಿಗೆ ಇದನ್ನು ಹೇಳಿಕೊಡಲು ಎರಡು ನಿಮಿಷ ಬೇಡ. ಇಂಜಿನಿಯರಿಂಗ್ ಓದಿದವರಿಗೆ ಅರ್ಧ ಗಂಟೆ ಹಿಡಿಯುತ್ತದೆ, ಮುನಿಸಿಕೊಳ್ಳಬೇಡಿ.

ಯಂತ್ರದ ಕಸೂತಿಯನ್ನು ಗುರುತಿಸುವುದು ಹೇಗೆ ಎಂದು ಕೇಳುವವರು ಬಹಳ. ತಿರುಗಿಸಿ ನೋಡಿ.

ಬಣ್ಣಗಳು ನೈಸರ್ಗಿಕವೇ?

ಹೆಚ್ಚಿನವು ಹೌದು, ಎಲ್ಲವೂ ಅಲ್ಲ. ಹಳೆ ಸೀರೆಯ ಬಣ್ಣ ಹೇಗಿದೆಯೋ ಹಾಗೆ ಬಳಸುತ್ತೇನೆ, ಅದರಲ್ಲಿ ರಾಸಾಯನಿಕ ಇದ್ದೇ ಇರುತ್ತದೆ. ನಾನೇ ಹಾಕುವ ಬಣ್ಣಕ್ಕೆ ಅಳಲೆಕಾಯಿ, ದಾಳಿಂಬೆ ಸಿಪ್ಪೆ, ಮಂಜಿಷ್ಠ, ನೀಲಿ. ದೀಪಾವಳಿ ಮುಗಿದ ಮಾರನೆಯ ದಿನ ಓಣಿಯ ಅಂಗಡಿಗಳ ಬಾಗಿಲಿಂದ ಚೆಂಡುಹೂವಿನ ಮಾಲೆ ಬಿಚ್ಚಿಸಿಕೊಂಡು ಬರುವುದು ನನ್ನ ವಾರ್ಷಿಕ ಭಿಕ್ಷಾಟನೆ. ನೀಲಿಯೊಂದನ್ನು ಬಿಟ್ಟು ಉಳಿದ ಬಣ್ಣಗಳಿಗೆ, ಹತ್ತಿಗೆ ಮೊದಲು ಅಳಲೆಕಾಯಿ ನೀರು, ಆಮೇಲೆ 100 ಗ್ರಾಂ ಒಣ ಬಟ್ಟೆಗೆ 15 ಗ್ರಾಂ ಪಟಿಕ. ಈ ಎರಡು ಹಂತ ತಪ್ಪಿಸಿದರೆ ಬಣ್ಣ ಮೊದಲ ಒಗೆತಕ್ಕೇ ಹೋಗುತ್ತದೆ.

ಅರಿಶಿನದಿಂದ ಬಣ್ಣ ಹಾಕಬೇಡಿ. ಚೆಂದ ಕಾಣುತ್ತದೆ, ಆದರೆ ಬಿಸಿಲು ಕಂಡರೆ ನಿಲ್ಲುವುದಿಲ್ಲ. ಬೆಲ್ಲದ ನೀರಿನಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ಎರಡು ಮೂರು ವಾರ ಕೊಳೆಹಾಕಿದರೆ ಅಳಲೆಕಾಯಿ ಬಟ್ಟೆಯ ಮೇಲೆ ಗಟ್ಟಿ ಕಪ್ಪು ಬರುತ್ತದೆ. ಆದರೆ ಕಬ್ಬಿಣ ಕಾಲ ಕಳೆದಂತೆ ನೂಲನ್ನು ತಿನ್ನುತ್ತದೆ. ಮೊಮ್ಮಕ್ಕಳಿಗೆ ಉಳಿಯಬೇಕಾದ ಪುಸ್ತಕಕ್ಕೆ ಅದನ್ನು ಹಚ್ಚುವುದಿಲ್ಲ.

ಕಾಗದ, ಅಂಟು?

ಕಾಗದ ಸಾಧ್ಯವಾದಷ್ಟು ಹತ್ತಿ ಚಿಂದಿಯಿಂದ ಮಾಡಿದ ಕೈಕಾಗದ. ಬನಿಯನ್ ಕಾರ್ಖಾನೆಯ ಕತ್ತರಿ ತುಂಡುಗಳೇ ಅರೆದು ಹಾಳೆಯಾಗುತ್ತವೆ. ಹಾಗಾಗಿ ಅದೂ ಬಟ್ಟೆಯೇ. ಮಿಲ್ಲಿನ ಕಾಗದ ಬಳಸುವಾಗ ನಾರಿನ ದಿಕ್ಕು ನೋಡಿ. ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಾಗಿಸಿದರೆ ಒಂದು ದಿಕ್ಕಿಗೆ ಸಲೀಸಾಗಿ ಬಾಗುತ್ತದೆ. ಆ ಬಾಗಿನ ಗೆರೆ ಪುಸ್ತಕದ ಬೆನ್ನಿಗೆ ಸಮಾನಾಂತರ ಇರಬೇಕು. ರಟ್ಟಿಗೂ ಅದೇ ನಿಯಮ. ಇದನ್ನು ಕಲಿಯಲು ನಾನು ನಲವತ್ತು ನೋಟುಪುಸ್ತಕ ಹಾಳುಮಾಡಿದ್ದೇನೆ. ಎಲ್ಲದರ ರಟ್ಟೂ ಆಷಾಢದಲ್ಲಿ ದೋಣಿಯಾಗಿತ್ತು.

ಅಂಟು ಮೈದಾದ್ದು. ಮಾವ ಅದಕ್ಕೆ ಮೈಲುತುತ್ತ ಹಾಕುತ್ತಿದ್ದ, ಇಲ್ಲದಿದ್ದರೆ ಜಿರಲೆಗಳಿಗೆ ಹಬ್ಬದೂಟ. ಮೈಲುತುತ್ತ ವಿಷ, ಮಕ್ಕಳ ತರಗತಿಗೆ ಅದು ಬರುವ ಹಾಗಿಲ್ಲ. ಅಲ್ಲಿ ಅವತ್ತಿನ ಅಂಟು ಅವತ್ತೇ ಮಾಡಿ ಮುಗಿಸುತ್ತೇವೆ, ಬೆನ್ನನ್ನು ದಾರದಿಂದಲೇ ಹಿಡಿಸುತ್ತೇವೆ.

ನನಗೆ ಹೊಲಿಗೆ ಬರುವುದಿಲ್ಲ. ತರಗತಿಗೆ ಬರಬಹುದೇ? ಗಂಡಸರು?

ಬರಬಹುದು, ಬರಬಹುದು. ಮಾವನ ಅಂಗಡಿಯಲ್ಲಿ ಹೊಲಿಯುತ್ತಿದ್ದವರೆಲ್ಲ ಗಂಡಸರೇ.

ತರಗತಿಗೆ ಏನು ತರಬೇಕು?

ಮನೆಯಲ್ಲಿ ಹರಿದಿರುವ ಒಂದು ಹತ್ತಿ ಬಟ್ಟೆ, ಕನ್ನಡಕ ಇದ್ದರೆ ಕನ್ನಡಕ. ಸೂಜಿ, ದಬ್ಬಣ, ದಾರ, ಕಾಗದ ಇಲ್ಲಿದೆ. ಅಂಗಡಿಯಿಂದ ಹೊಸ ಬಟ್ಟೆ ಕೊಂಡು ತರಬೇಡಿ.

ಹಳ್ಳಿಗಳಲ್ಲಿ ಕಲಿಸುತ್ತೀರಂತೆ. ಅಲ್ಲಿ ಏನು ನಡೆಯುತ್ತದೆ?

ತಿಂಗಳಿಗೆ ಎರಡು ಸಲ ಯಾವುದಾದರೂ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕೂರುತ್ತೇವೆ. ಈಗ ಅವುಗಳಿಗೆ ಅರಿವು ಕೇಂದ್ರ ಎಂದು ಹೆಸರು. ಮೊದಮೊದಲು ಹೆಂಗಸರು ಬಾಗಿಲಲ್ಲೇ ನಿಲ್ಲುತ್ತಿದ್ದರು. “ನಮಗ ಓದಾಕ ಬರಂಗಿಲ್ರೀ ಯಕ್ಕಾ, ಪುಸ್ತಕ ತಗೊಂಡ ಏನ ಮಾಡೂಣು?” ನಾನು ಪುಸ್ತಕದ ಮಾತು ಬಿಟ್ಟು ಒಂದು ಹಳೆ ಕೌದಿ ಹಾಸಿದೆ. ಕೂತರು. ಕೂತಲ್ಲೇ ಆ ಕೌದಿಯ ಪಂಚಾಯಿತಿ ಶುರುವಾಯಿತು: ಈ ಕಡೆ ಹೊಲಿದಾಕಿ ಎಡಗೈಯಾಕಿ ಇರಬೇಕು, ಈ ತುಂಡು ಗುಳೇದಗುಡ್ಡದ ಖಣ, ಇಲ್ಲಿ ದಾರ ಸಾಲದೆ ಬೇರೆ ಬಣ್ಣ ಹಾಕ್ಯಾಳ.

ನಾನು ಬಟ್ಟೆ ನೋಡುತ್ತಿದ್ದೆ, ಅವರು ಅದನ್ನು ಓದುತ್ತಿದ್ದರು. ಅಂದಿನಿಂದ ಹಳ್ಳಿಯ ತರಗತಿ ನಡೆಯುವುದು ಹೀಗೆಯೇ, ಮೊದಲ ಒಂದು ತಾಸು ನಾನು ಬಾಯಿ ಬಿಡುವುದಿಲ್ಲ.

ನಲವತ್ತು ವರ್ಷ ಕೌದಿ ಹೊಲಿದ ಒಬ್ಬ ಅಜ್ಜಿಗೆ ಎಂಟು ಹಾಳೆಯ ಫಾರಂ ಕೊಟ್ಟೆ. ದಾರವನ್ನು ಮೊಳಕೈಗೆ ಅಳೆದುಕೊಂಡು, ತೂತುಗಳನ್ನು ಕಣ್ಣಿನಿಂದಲ್ಲ ಹೆಬ್ಬೆರಳಿಂದ ಹುಡುಕಿ, ದಾರವನ್ನು ಬೆನ್ನಿನ ದಿಕ್ಕಿಗೇ ಎಳೆದಳು. ಹೊಸಬರು ಅದನ್ನು ನೇರ ತಮ್ಮ ಕಡೆ ಎಳೆದು ಕಾಗದ ಸೀಳುತ್ತಾರೆ, ಅವಳ ಹಾಳೆ ಕೂದಲೆಳೆಯಷ್ಟೂ ಸೀಳಲಿಲ್ಲ. ಗಂಟು ಹಾಕಿ ಪುಸ್ತಕವನ್ನು ತಟ್ಟಿ ನೋಡಿ, “ಇದೇನ ದೊಡ್ಡ ಮಾತ್ರೀ, ಸಣ್ಣ ಕೌದಿ ಇದು” ಅಂದಳು. ಈಗ ಅವಳ ಪುಸ್ತಕದಲ್ಲಿ ಆರು ಬಟ್ಟೆಯ ಹಾಳೆಗಳಿವೆ. ಅವಳ ಹೊಲ, ಮಳೆಯ ಲೆಕ್ಕದಲ್ಲಿ. ರೋಹಿಣಿ ಮಳೆಯಿಂದ ಶುರು. ಅಕ್ಷರ ಒಂದೂ ಇಲ್ಲ. ಮಗನಿಗೆ ಅದನ್ನು ತೋರಿಸಿ ಯಾವ ವರ್ಷ ಹೆಸರುಕಾಳಿನ ಬೆಳೆ ಕೈಕೊಟ್ಟಿತು ಎಂದು ವಾದ ಮಾಡುತ್ತಾಳಂತೆ.

ಶುಲ್ಕ ಎಷ್ಟು?

ಧಾರವಾಡದಲ್ಲಿ ನಡೆಯುವ ಒಂದು ದಿನದ ತರಗತಿಗೆ 800 ರೂಪಾಯಿ, ಸಾಮಾನು ಮತ್ತು ರೊಟ್ಟಿ ಊಟ ಸೇರಿ. ಹಳ್ಳಿಯಲ್ಲಿ ಶುಲ್ಕವಿಲ್ಲ. ಊರಿನವರು ಮಧ್ಯಾಹ್ನದ ಊಟ ಹಾಕಿದರೆ ಬೇಡ ಅನ್ನುವುದಿಲ್ಲ. ಸರ್ಕಾರಿ ಶಾಲೆಗೂ ಶುಲ್ಕವಿಲ್ಲ, ಆದರೆ ಮೂವತ್ತು ಮಕ್ಕಳಿಗಿಂತ ಹೆಚ್ಚು ಕೂರಿಸಬೇಡಿ, ದಬ್ಬಣದ ಕೆಲಸ ಇದು.

ನಿಮ್ಮ ಪುಸ್ತಕಗಳ ಕೊನೆಯ ಹಾಳೆಯಲ್ಲಿ ಅಷ್ಟೊಂದು ಹೆಸರು ಯಾಕೆ?

ಹೊಲಿದವರ ಹೆಸರುಗಳು. ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಊರಿನ ಪ್ರದರ್ಶನಕ್ಕೆ ನಾಲ್ವರು ಸೇರಿ ಹೊಲಿದ ಕೌದಿ ಪುಸ್ತಕ ಕಳಿಸಿದ್ದೆ. ನನ್ನದೂ ಸೇರಿ ಐದು ಹೆಸರು ಬರೆದು ಕೊಟ್ಟಿದ್ದೆ. ಗೋಡೆಯ ಚೀಟಿಯಲ್ಲಿ ನನ್ನ ಒಂದೇ ಹೆಸರು, ಕೆಳಗೆ ‘ಗ್ರಾಮೀಣ ಮಹಿಳೆಯರ ನೆರವಿನೊಂದಿಗೆ’. ಕೇಳಿದ್ದಕ್ಕೆ ಚೀಟಿಯಲ್ಲಿ ಜಾಗ ಸಾಲಲಿಲ್ಲ ಅಂದರು. ಕೊನೆಯ ದಿನ ಬದಲಾಯಿಸಿದರು, ಅಷ್ಟರಲ್ಲಿ ನೋಡುವವರು ನೋಡಿ ಹೋಗಿದ್ದರು. ನಾಲ್ವರಲ್ಲಿ ಇಬ್ಬರು ಬಸ್ಸು ಹತ್ತಿ ನೋಡಲು ಬಂದಿದ್ದರು ಎಂಬುದೇ ನನಗೆ ಇವತ್ತಿಗೂ ಚುಚ್ಚುವುದು.

ಈಗ ಹೆಸರನ್ನು ಪುಸ್ತಕಕ್ಕೇ ಹೊಲಿಯುತ್ತೇವೆ. ಬರೆಯಲು ಬಾರದವರು ತಮ್ಮ ಗುರುತು ಹಾಕುತ್ತಾರೆ. ಒಬ್ಬಾಕೆಯದು ಕುಡುಗೋಲು, ಇನ್ನೊಬ್ಬಾಕೆಯದು ಮೂರು ಚುಕ್ಕೆ. ಬಿಚ್ಚಿ ತೆಗೆಯಬೇಕೆಂದರೆ ಪುಸ್ತಕವೇ ಬಿಚ್ಚಬೇಕು.

ಬೆಲೆ ಇಷ್ಟೊಂದು ಯಾಕೆ? ಸಂತೆಯಲ್ಲಿ ಕೌದಿ ಅಗ್ಗಕ್ಕೆ ಸಿಗುತ್ತದಲ್ಲ?

ಸಂತೆಯಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದರೆ ಹೊಲಿದವಳಿಗೆ ಅಗ್ಗದ ಕೂಲಿ ಸಿಕ್ಕಿದೆ ಎಂದೇ ಅರ್ಥ. ನಾವು ಹೊಲಿಗೆಗೆ ದಿನದ ಲೆಕ್ಕದಲ್ಲಿ ಕೂಲಿ ಹಿಡಿಯುತ್ತೇವೆ, ತುಂಡಿನ ಲೆಕ್ಕದಲ್ಲಿ ಅಲ್ಲ. ಚೌಕಾಸಿ ಮಾಡುವವರಿಗೆ ಸೂಜಿ ಕೊಟ್ಟು ಒಂದು ಗೇಣು ಹೊಲಿಯಲು ಹೇಳುತ್ತೇನೆ. ಆಮೇಲೆ ಮಾತು ಮೆತ್ತಗಾಗುತ್ತದೆ.

ಹರಿದ ಹಳೆ ಪುಸ್ತಕ ರಿಪೇರಿ ಮಾಡಿಕೊಡುತ್ತೀರಾ?

ಬೆನ್ನು ಬಿಟ್ಟಿದ್ದರೆ, ಹೊಲಿಗೆ ಹೋಗಿದ್ದರೆ ಮಾಡುತ್ತೇನೆ. ತಾಳೆಗರಿ, ಕಡತ, ಕೈಬರಹದ ಹಳೆ ಪ್ರತಿ ಇದ್ದರೆ ನನ್ನ ಹತ್ತಿರ ತರಬೇಡಿ, ಹಸ್ತಪ್ರತಿ ಸಂರಕ್ಷಣೆ ಕಲಿತವರ ಕೈಗೆ ಕೊಡಿ. ಮತ್ತೆ, ದಯವಿಟ್ಟು, ಸೆಲ್ಲೋಟೇಪು ಹಚ್ಚಬೇಡಿ. ಅದರ ಅಂಟು ಕಾಗದದೊಳಗೆ ಇಳಿದು ಕಂದು ಕಲೆಯಾದರೆ ತೆಗೆಯುವುದು ಬಲು ಕಷ್ಟ.

ತೀರಿಕೊಂಡ ನಮ್ಮ ಅಮ್ಮನ ಸೀರೆಯಿಂದ ಪುಸ್ತಕ ಮಾಡಿಕೊಡುತ್ತೀರಾ?

ಮಾಡಿಕೊಡುತ್ತೇನೆ. ನನಗೆ ಬರುವ ಕೆಲಸದಲ್ಲಿ ಅರ್ಧ ಇದೇ. ಒಂದು ಷರತ್ತು: ಮೊದಲ ಕತ್ತರಿ ನೀವೇ ಹಾಕಬೇಕು.

ಕಳೆದ ವರ್ಷ ಅಣ್ಣ ತಂಗಿ ಇಬ್ಬರು ಒಂದು ಇಳಕಲ್ ಸೀರೆ ತಂದರು. ಮೈ ಹತ್ತಿ, ಸೆರಗು ರೇಷ್ಮೆ. ಇಳಕಲ್ಲಿನವರು ಸೆರಗಿನ ಹಾಸಿನ ಎಳೆಗಳನ್ನು ಮೈಯ ಹಾಸಿನ ಎಳೆಗಳಿಗೆ ಕೊಂಡಿ ಹಾಕಿ ಸೇರಿಸುತ್ತಾರೆ, ಎಳೆಗೆ ಎಳೆ. ಸೀರೆಯ ಮೈ ಗಟ್ಟಿಯಿತ್ತು. ರೇಷ್ಮೆ ಮಾತ್ರ ಮಡಿಕೆಯ ಗುಂಟ ಸೀಳಿತ್ತು, ವರ್ಷಗಟ್ಟಲೆ ಟ್ರಂಕಿನಲ್ಲಿ ಒಂದೇ ಮಡಿಕೆಯಲ್ಲಿ ಇಟ್ಟರೆ ಹಾಗಾಗುತ್ತದೆ. ಭುಜದ ಜಾಗದಲ್ಲಿ ಪಿನ್ನಿನ ತುಕ್ಕಿನ ಎರಡು ಚುಕ್ಕೆ. ಸೊಂಟದ ಹತ್ತಿರ ಅರಿಶಿನದ ಕೈ ಒರೆಸಿದ ಗುರುತು. ಅಣ್ಣನಿಗೆ ಕಲೆ ಹೋಗಬೇಕಿತ್ತು, ತಂಗಿಗೆ ಉಳಿಯಬೇಕಿತ್ತು. ಕತ್ತರಿ ಮೇಜಿನ ಮೇಲೆ ಇಟ್ಟು ನಾನು ಚಹಾ ಮಾಡಲು ಒಳಗೆ ಹೋದೆ.

ಬಂದು ನೋಡಿದರೆ ಕತ್ತರಿ ಇದ್ದಲ್ಲೇ ಇತ್ತು. ತಂಗಿ ಅಂಚಿಗೆ ಹಲ್ಲಿನಿಂದ ಒಂದು ಸಣ್ಣ ಸೀಳು ಹಾಕಿ, ಕೈಯಿಂದಲೇ ಪರ್ರೆಂದು ಹರಿದಿದ್ದಳು. ಅವರಮ್ಮ ಒರೆಸುವ ಬಟ್ಟೆ ಹರಿಯುತ್ತಿದ್ದುದು ಹಾಗೇ ಅಂತೆ. ಅಣ್ಣ ಇನ್ನೊಂದು ತುದಿ ಹಿಡಿದುಕೊಂಡಿದ್ದ. ಎರಡು ಪುಸ್ತಕ ಮಾಡಿಕೊಟ್ಟೆ, ಕೊಂಡಿಯ ಸಾಲು ಎರಡಕ್ಕೂ ಬರುವ ಹಾಗೆ. ಅರಿಶಿನ ತಂಗಿಯ ಪಾಲಿಗೆ ಹೋಯಿತು.

ಇಂಥ ಪುಸ್ತಕ ತೊಳೆಯಬಹುದೇ? ಹೇಗೆ ಇಡಬೇಕು?

ತೊಳೆಯಬೇಡಿ. ಗಾಳಿಗೆ ಬಿಚ್ಚಿಡಿ, ನೇರ ಬಿಸಿಲಿಗೆ ಬೇಡ. ಬೇವಿನೆಲೆ ಒಣಗಿಸಿ ಬಟ್ಟೆಯ ಚೀಲದಲ್ಲಿ ಕಟ್ಟಿ ಪಕ್ಕದಲ್ಲಿಡಿ, ನೇರ ಹಾಳೆಗಳ ನಡುವೆ ಇಟ್ಟರೆ ಕಲೆಯಾಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡಬೇಡಿ, ಒಳಗೆ ಬೆವರುತ್ತದೆ. ಆರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ. ಮಕ್ಕಳು ಮುಟ್ಟಲಿ. ದಾರ ಬಿಟ್ಟರೆ ನನ್ನ ಹತ್ತಿರ ತನ್ನಿ, ಹೊಲಿಗೆಗೆ ದುಡ್ಡಿಲ್ಲ.

ಬಂದು ನೋಡಬಹುದೇ?

ಭಾನುವಾರ ಬಿಟ್ಟು ಯಾವ ದಿನವಾದರೂ, ಮಧ್ಯಾಹ್ನ ಮೂರರ ಮೇಲೆ. ಬಾಗಿಲು ಬಡಿದು ಸ್ವಲ್ಪ ಹೊತ್ತು ಕಾಯಿರಿ, ಕೈಯಲ್ಲಿ ಅಂಟು ಇರುತ್ತದೆ.